ಪ್ರಯೋಗಶಾಲೆಯ ಅಂಗಳದಲ್ಲಿ ಕಲೆ, ಸಂಘದ ಅಂಗಳದಲ್ಲಿ ವಿಜ್ಞಾನ

(ಸಂಘದ ವಾರ್ಷಿಕ ಉಪನ್ಯಾಸದ ಲಿಖಿತ ರೂಪ)



ಹೊರನಾಡ ಕನ್ನಡ ಸಂಘದ ವೇದಿಕೆಯಿಂದ ಸಾಹಿತ್ಯ, ಸಂಗೀತ, ಯಕ್ಷಗಾನ, ಗಡಿ ಸಮಸ್ಯೆ, ನದಿ ನೀರಿನ ಹಂಚಿಕೆ ಇವುಗಳನ್ನು ಕುರಿತು ಮಾತನಾಡುವವರಿಗೆ ಎಂದೂ ಕೊರತೆಯಾಗಿಲ್ಲ. ಈ ವರ್ಷದ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯವನ್ನು ತಿಳಿಸಿದಾಗ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. "ವಿಜ್ಞಾನ ಸಂಸ್ಥೆಯ ಉಪನ್ಯಾಸಗಳಿಗೂ ನಮ್ಮ ಸಂಘಕ್ಕೂ ಏನು ಸಂಬಂಧ ಸಾರ್?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಳಿಕ ಕೇಂದ್ರ ಸರ್ಕಾರದ ಸೇವೆಗೆ ಸೇರಿ, ಕಡತಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ವಿಜ್ಞಾನಿಯ ಅಧಿಕಾರದಿಂದ ಮಾತನಾಡುವ ಯೋಗ್ಯತೆ ನನಗಿಲ್ಲ. ಆದರೆ ಮುಂಬಯಿಯ ಸಭಾಂಗಣಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ ಶ್ರೋತೃವಿನ ಅನುಭವ ನನ್ನ ಬಳಿ ಇದೆ. ಆ ಬಲದಿಂದ ಕಾರ್ಯದರ್ಶಿಗಳ ಪ್ರಶ್ನೆಗೆ ಉತ್ತರ ಕೊಡಲು ಯತ್ನಿಸುತ್ತೇನೆ.

ಈ ಮಹಾನಗರದ ದಕ್ಷಿಣದ ತುದಿಯಲ್ಲಿ, ಕೊಲಾಬಾದ ನೌಕಾನೆಲೆಯನ್ನು ದಾಟಿದರೆ, ಅರಬ್ಬೀ ಸಮುದ್ರಕ್ಕೆ ಮುಖಮಾಡಿ ನಿಂತ ಒಂದು ಕಟ್ಟಡವಿದೆ. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಟಿ.ಐ.ಎಫ್.ಆರ್. ಎಂಬ ಅಕ್ಷರಗಳಿಂದಲೇ ಅದು ಹೆಚ್ಚು ಪರಿಚಿತ. ಅದನ್ನು ಕಟ್ಟಿದ ಹೋಮಿ ಜಹಾಂಗೀರ್ ಭಾಭಾ ಈ ಊರಿನಲ್ಲೇ 1909ರಲ್ಲಿ ಜನಿಸಿದವರು. ಆದರೆ ಸಂಸ್ಥೆಯ ಕಲ್ಪನೆ ಚಿಗುರಿದ್ದು ಮಾತ್ರ ಕನ್ನಡದ ನೆಲದಲ್ಲಿ. ಕೇಂಬ್ರಿಜ್‌ನಿಂದ ರಜೆಗೆಂದು ತಾಯ್ನಾಡಿಗೆ ಬಂದಿದ್ದ ಭಾಭಾ 1939ರಲ್ಲಿ ಮಹಾಯುದ್ಧ ಆರಂಭವಾದ್ದರಿಂದ ಇಲ್ಲೇ ಉಳಿಯಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಸಿ.ವಿ. ರಾಮನ್ನರ ವಿಭಾಗದಲ್ಲಿ, ಅವರು ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದರು. 1944ರ ಮಾರ್ಚ್ ತಿಂಗಳಲ್ಲಿ ದೊರಾಬ್ಜಿ ಟಾಟಾ ಟ್ರಸ್ಟಿಗೆ ಪತ್ರ ಬರೆದು ಮೂಲಭೂತ ವಿಜ್ಞಾನಕ್ಕೆ ಮೀಸಲಾದ ಸಂಸ್ಥೆಯೊಂದು ಬೇಕೆಂದು ಕೇಳಿದರು. 1945ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಣು ತೆರೆದ ಸಂಸ್ಥೆ ಅದೇ ವರ್ಷ ಮುಂಬಯಿಯ ಪೆಡ್ಡರ್ ರಸ್ತೆಯ ಬಂಗಲೆಯೊಂದಕ್ಕೆ ಬಂದಿತು. 1949ರಲ್ಲಿ ಗೇಟ್‌ವೇ ಆಫ್ ಇಂಡಿಯಾದ ಬಳಿಯ ಹಳೆಯ ಯಾಟ್ ಕ್ಲಬ್ಬಿನ ಕಟ್ಟಡಕ್ಕೆ ಹೋಯಿತು. ಈಗಿನ ಕಟ್ಟಡಕ್ಕೆ 1954ರಲ್ಲಿ ಅಡಿಗಲ್ಲಿಟ್ಟವರೂ 1962ರ ಜನವರಿಯಲ್ಲಿ ಅದನ್ನು ಉದ್ಘಾಟಿಸಿದವರೂ ಜವಾಹರಲಾಲ್ ನೆಹರೂ. ಒಂದು ದೃಷ್ಟಿಯಿಂದ ಆ ಸಂಸ್ಥೆಯೂ ನಮ್ಮಂತೆಯೇ ಕನ್ನಡನಾಡಿನಿಂದ ಮುಂಬಯಿಗೆ ಬಂದು ನೆಲೆಸಿದ್ದು.

ಆ ಕಟ್ಟಡವನ್ನು ಪ್ರವೇಶಿಸಿದವನಿಗೆ ಮೊದಲು ಎದುರಾಗುವುದು ಯಂತ್ರಗಳಲ್ಲ, ವರ್ಣಚಿತ್ರಗಳು. ಎಂ.ಎಫ್. ಹುಸೇನರು 1960ರ ದಶಕದ ಆರಂಭದಲ್ಲಿ ರಚಿಸಿದ 'ಭಾರತ ಭಾಗ್ಯ ವಿಧಾತ' ಎಂಬ ಭಿತ್ತಿಚಿತ್ರ ಸುಮಾರು 45 ಅಡಿ ಉದ್ದವಿದೆ. ಓಣಿಗಳುದ್ದಕ್ಕೂ ಗಾಯತೊಂಡೆ, ಆರಾ, ತಯೆಬ್ ಮೆಹತಾ ಮೊದಲಾದವರ ಕೃತಿಗಳಿವೆ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯನ್ನೇ ಮನೆ ಮಾಡಿಕೊಂಡ ನಮ್ಮ ಕೃಷ್ಣ ಹೆಬ್ಬಾರರೂ ಆ ಸಂಗ್ರಹದಲ್ಲಿದ್ದಾರೆ. ಇಂದು ಈ ಹೆಸರುಗಳನ್ನು ಕೇಳಿದರೆ ಹರಾಜಿನ ಬೆಲೆ ನೆನಪಿಗೆ ಬರುತ್ತದೆ. ಭಾಭಾ ಕೊಂಡಾಗ ಇವರಲ್ಲಿ ಅನೇಕರು ಇನ್ನೂ ಹೆಸರು ಮಾಡಬೇಕಾಗಿದ್ದ ಕಲಾವಿದರು. ಸಂಸ್ಥೆಯ ವೆಚ್ಚದಲ್ಲಿ ಒಂದು ಸಣ್ಣ ಪಾಲನ್ನು ಕಲಾಕೃತಿಗಳಿಗೆ ವಿನಿಯೋಗಿಸಲು ಅವರು ನೆಹರೂ ಅವರ ಒಪ್ಪಿಗೆ ಪಡೆದಿದ್ದರು. ಲೆಕ್ಕಪತ್ರಗಳ ನಡುವೆ ಬದುಕಿದ ನನ್ನಂಥವನಿಗೆ ಆ ಒಪ್ಪಿಗೆ ಚಿತ್ರಗಳಷ್ಟೇ ಬೆರಗನ್ನು ಹುಟ್ಟಿಸುತ್ತದೆ. ಅನ್ನಕ್ಕೇ ತತ್ವಾರವಿದ್ದ ದೇಶದಲ್ಲಿ, ಪರಮಾಣು ಸಂಶೋಧನೆಯ ಕಟ್ಟಡಕ್ಕೆ ಚಿತ್ರಗಳೇಕೆ ಎಂದು ಆಕ್ಷೇಪಣೆ ಬರೆಯುವುದು ಯಾವ ಲೆಕ್ಕಪರಿಶೋಧಕನಿಗಾದರೂ ಸುಲಭವಿತ್ತು.

ಸ್ವತಃ ಭಾಭಾ ಚಿತ್ರಕಾರರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಸಿಕರು. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮೊಜಾರ್ಟನ ಗೀತನಾಟಕಕ್ಕೆ ರಂಗಸಜ್ಜಿಕೆ ರಚಿಸಿದವರು. ಆದ್ದರಿಂದ ಇದು ಶ್ರೀಮಂತ ಮನೆತನದ ಹುಡುಗನ ಶೋಕಿ ಎಂದು ಬಿಟ್ಟುಬಿಡಬಹುದೆ? ಹಾಗೆ ಬಿಡಲಾಗದು. ಏಕೆಂದರೆ ಆ ತಲೆಮಾರಿನ ಇತರರಲ್ಲೂ ಇದೇ ಲಕ್ಷಣ ಕಾಣುತ್ತದೆ. ಬೆಂಗಳೂರಿನಲ್ಲಿ ಭಾಭಾ ಅವರಿದ್ದ ಕಾಲದಲ್ಲೇ ಅಲ್ಲಿ ಸಂಶೋಧನೆಯಲ್ಲಿದ್ದ ವಿಕ್ರಮ್ ಸಾರಾಭಾಯಿ 1947ರಲ್ಲಿ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಸ್ಥಾಪಿಸಿದರು. ಎರಡು ವರ್ಷಗಳ ನಂತರ ಅವರೂ ಅವರ ಪತ್ನಿ, ನೃತ್ಯ ಕಲಾವಿದೆ ಮೃಣಾಲಿನಿಯವರೂ ಸೇರಿ 'ದರ್ಪಣ' ಕಲಾಸಂಸ್ಥೆಯನ್ನು ಕಟ್ಟಿದರು. ಟಿ.ಐ.ಎಫ್.ಆರ್.ನ ಆರಂಭದ ಗಣಿತಜ್ಞರಲ್ಲಿ ಒಬ್ಬರಾದ ಡಿ.ಡಿ. ಕೋಸಂಬಿ ಭರ್ತೃಹರಿಯ ಸುಭಾಷಿತಗಳನ್ನು ಸಂಪಾದಿಸಿದರು. ಭಾರತದ ಇತಿಹಾಸ ರಚನೆಗೆ ಹೊಸ ದಾರಿ ತೋರಿದರು. ಅದೇ ಸಂಸ್ಥೆಯಲ್ಲಿ ಅಣುಜೀವವಿಜ್ಞಾನಕ್ಕೆ ಬುನಾದಿ ಹಾಕಿ, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದ ಒಬೈದ್ ಸಿದ್ದಿಕಿ ಸರೋದ್ ನುಡಿಸುತ್ತಿದ್ದರು.

ನಮ್ಮ ತುಮಕೂರಿನ ರಾಜಾ ರಾಮಣ್ಣ ಅವರನ್ನು ಈ ಸಾಲಿನಲ್ಲಿ ಮರೆಯುವಂತಿಲ್ಲ. ಅವರಿಗೆ ಭಾಭಾ ಅವರ ಪರಿಚಯವಾದದ್ದು ಸಂಗೀತದ ಮೂಲಕ. 1944ರಲ್ಲಿ ಪಾಶ್ಚಾತ್ಯ ಸಂಗೀತದ ಪರೀಕ್ಷಕರೊಬ್ಬರು ಮೈಸೂರಿಗೆ ಬಂದಿದ್ದಾಗ ಅವರ ದೆಸೆಯಿಂದ ಈ ಭೇಟಿ ಒದಗಿತು. ಪರಿಣಾಮವಾಗಿ 1949ರಲ್ಲಿ ರಾಮಣ್ಣ ಟಿ.ಐ.ಎಫ್.ಆರ್. ಸೇರಿದರು. ಟ್ರಾಂಬೆಯ ಅಣುಕೇಂದ್ರದ ನಿರ್ದೇಶಕರಾದ ಮೇಲೂ ಪಿಯಾನೊ ಬಿಡಲಿಲ್ಲ; ರಾಗಪದ್ಧತಿಯ ಹಾಗೂ ಪಾಶ್ಚಾತ್ಯ ಪದ್ಧತಿಯ ಸಂಗೀತ ರಚನೆಯನ್ನು ಹೋಲಿಸಿ 1993ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಕಲೆ ವಿಜ್ಞಾನಿಗೆ ಬಿಡುವಿನ ವೇಳೆಯ ವಿಶ್ರಾಂತಿ ಎನ್ನುವುದು ಸಾಮಾನ್ಯ ಅಭಿಪ್ರಾಯ. ಸಿ.ವಿ. ರಾಮನ್ನರ ಒಂದು ಕೆಲಸವನ್ನು ನೋಡಿದರೆ ಆ ಅಭಿಪ್ರಾಯ ಸಡಿಲಗೊಳ್ಳುತ್ತದೆ. ಸಂಗೀತ ಕಚೇರಿಗೆ ಹೋಗುವ ನಾವೆಲ್ಲ ಮೃದಂಗದ ಬಲಗಡೆಯ ಮುಖದ ನಡುವೆ ಕಪ್ಪು ವೃತ್ತವೊಂದನ್ನು ನೋಡಿದ್ದೇವೆ. ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ತೆಳುವಾದ ಪದರದ ಮೇಲೆ ಪದರವಾಗಿ ಹಚ್ಚಿ ಉಜ್ಜಿ ಮಾಡುವ ಅದಕ್ಕೆ ಕರಣೆ ಎಂದು ಹೆಸರು. ಸಾಧಾರಣ ಚರ್ಮವಾದ್ಯವನ್ನು ಬಾರಿಸಿದಾಗ ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಕಂಪನಗಳು ಮೂಲದ ಒಂದೂವರೆಗೆ ತುಸು ಮೇಲೆ, ಎರಡಕ್ಕೆ ತುಸು ಮೇಲೆ, ಹೀಗೆ ಅಂಕೆಗೆ ಸಿಗದ ಪ್ರಮಾಣದಲ್ಲಿರುತ್ತವೆ. ಆದ್ದರಿಂದ ಅದು ಸದ್ದು ಮಾಡುತ್ತದೆ, ಶ್ರುತಿಗೆ ನಿಲ್ಲುವುದಿಲ್ಲ. ಕರಣೆಯ ಭಾರ ನಡುವೆ ಸೇರಿದೊಡನೆ ಆ ಕಂಪನಗಳು ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕಗಳ ಅನುಪಾತಕ್ಕೆ ಬಂದು ನಿಲ್ಲುತ್ತವೆ; ತಂಬೂರಿಯ ತಂತಿಯಲ್ಲಿ ಹೇಗೋ ಹಾಗೆ. ರಾಮನ್ನರು ಕಲ್ಕತ್ತೆಯಲ್ಲಿ ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿ ಇದನ್ನು ಪ್ರಕಟಿಸಿದರು. 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಶತಮಾನಗಳ ಕಾಲ ಕಿವಿಯನ್ನೇ ಮಾಪಕ ಮಾಡಿಕೊಂಡು ಈ ಸಮಸ್ಯೆಯನ್ನು ಬಿಡಿಸಿದ್ದ ಅನಾಮಿಕ ಕುಶಲಕರ್ಮಿಗಳಿಗೆ ಅದು ವಿಜ್ಞಾನ ಸಲ್ಲಿಸಿದ ಗೌರವವೂ ಹೌದು.

ಈ ದೃಷ್ಟಿ ಕೊನೆಯವರೆಗೂ ರಾಮನ್ನರನ್ನು ಬಿಡಲಿಲ್ಲ. ಬೆಂಗಳೂರಿನ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಅವರು ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ನೀಡುತ್ತಿದ್ದರು. 1970ರಲ್ಲಿ, ನಿಧನಕ್ಕೆ ಏಳು ವಾರ ಮೊದಲು, ಅವರು ನೀಡಿದ ಕಡೆಯ ಉಪನ್ಯಾಸದ ವಿಷಯ ಮನುಷ್ಯನ ಕಿವಿ.

ಇನ್ನು ಉಪನ್ಯಾಸಗಳ ವಿಷಯ. ಟಿ.ಐ.ಎಫ್.ಆರ್.ನಲ್ಲಿ ಬುಧವಾರದ ಮಧ್ಯಾಹ್ನ 'ಕಲೋಕ್ವಿಯಂ' ಎಂಬ ಗೋಷ್ಠಿ ನಡೆಸುವ ಸಂಪ್ರದಾಯ ಭಾಭಾ ಅವರ ಕಾಲದಿಂದ ಬಂದಿದೆ. ಮೊದಲು ಚಹ, ಅನಂತರ ಒಂದು ಗಂಟೆಯ ಉಪನ್ಯಾಸ, ಆಮೇಲೆ ಪ್ರಶ್ನೆಗಳು. ಅದರ ವೈಶಿಷ್ಟ್ಯ ಇರುವುದು ಶ್ರೋತೃಗಳಲ್ಲಿ. ಗಣಿತದವರು, ಖಗೋಳದವರು, ಜೀವವಿಜ್ಞಾನದವರು, ಗಣಕದವರು ಎಲ್ಲರೂ ಒಂದೇ ಸಭೆಯಲ್ಲಿ ಕೂರುತ್ತಾರೆ. ಹೀಗಾಗಿ ಮಾತನಾಡುವವನು ತನ್ನ ವಿಭಾಗದ ಪರಿಭಾಷೆಯನ್ನು ಬಾಗಿಲಲ್ಲೇ ಬಿಟ್ಟು ಬರಬೇಕಾಗುತ್ತದೆ. ನೊಣದ ಮೂಗಿನ ಬಗ್ಗೆ ಹೇಳುವವನು ನಕ್ಷತ್ರಗಳ ವಿಜ್ಞಾನಿಗೆ ಅರ್ಥವಾಗುವಂತೆ ಹೇಳಬೇಕು. ಸಂಸ್ಥೆಯ ಒಳಗೆ ನಡೆಯುವ ಉಪನ್ಯಾಸವೂ ಹೀಗೆ ಒಂದು ಬಗೆಯ ಅನುವಾದವೇ. ಪಕ್ಕದ ಕೊಠಡಿಯವನಿಗಾಗಿ ಇಷ್ಟು ಶ್ರಮಪಡುವ ವಿಜ್ಞಾನಿ ಇನ್ನೂ ಕೆಲವು ಹೆಜ್ಜೆ ನಡೆದರೆ ಬೀದಿಯವರೆಗೆ ಬರಬಲ್ಲ.

ಆ ಹೆಜ್ಜೆಗಳನ್ನು ಇಟ್ಟವರಿದ್ದಾರೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಮಕ್ಕಳಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು ಆರಂಭವಾದವು. ಪುಸ್ತಕ ಕಟ್ಟುವವನ ಬಳಿ ಕೆಲಸ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆ ವಿಜ್ಞಾನಕ್ಕೆ ಬಂದದ್ದು ಅದೇ ಸಭಾಂಗಣದಲ್ಲಿ ಉಪನ್ಯಾಸ ಕೇಳಿದ್ದರಿಂದ. ಕಲ್ಕತ್ತೆಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಪರಿಷತ್ತಿನ ಆರಂಭದ ಮುಖ್ಯ ಕೆಲಸವೇ ಸಾರ್ವಜನಿಕ ಉಪನ್ಯಾಸ. ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದ ರಾಮನ್ ಕಚೇರಿಯ ವೇಳೆಯ ಹೊರಗೆ ಸಂಶೋಧನೆ ನಡೆಸಿದ್ದು ಆ ಪರಿಷತ್ತಿನಲ್ಲಿಯೇ. ಟಿ.ಐ.ಎಫ್.ಆರ್. ಕೂಡ 2009ರಲ್ಲಿ 'ಚಾಯ್ ಅಂಡ್ ವೈ' ಎಂಬ ಹೆಸರಿನಲ್ಲಿ ಜನರ ಬಳಿಗೆ ಬಂದಿತು. ಭಾನುವಾರದ ಬೆಳಗ್ಗೆ ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ, ಬಳಿಕ ಮಾಟುಂಗ ರೋಡ್ ಬಳಿಯ ರೂಪಾರೆಲ್ ಕಾಲೇಜಿನಲ್ಲಿ, ಚಹ ಕುಡಿಯುತ್ತ ವಿಜ್ಞಾನಿಯನ್ನು ಪ್ರಶ್ನಿಸುವ ಅವಕಾಶ ಒದಗಿತು. ನಾಟಕದ ರಂಗಭೂಮಿಯ ಮೇಲೆ ವಿಜ್ಞಾನ ನಿಂತದ್ದು ಭಾಭಾ ಅವರಿಗೆ ಮೆಚ್ಚುಗೆಯಾಗುತ್ತಿತ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಬಾಗಿಲು ತೆರೆದರೆ ಸಾಕೆ? ಒಳಗಿನ ಮಾತು ಯಾವ ಭಾಷೆಯಲ್ಲಿದೆ? ಭಾಭಾ ಅವರ ಸಂಸ್ಥೆ ಚಿತ್ರಕಲೆಯ ಮತ್ತು ಭೌತವಿಜ್ಞಾನದ ನಡುವಿನ ಗೋಡೆಯನ್ನು ಕೆಡವಿತು. ಇಂಗ್ಲಿಷ್ ಬಲ್ಲವರ ಮತ್ತು ಬಾರದವರ ನಡುವಿನ ಗೋಡೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು. ಇದು ಒಂದು ಸಂಸ್ಥೆಯ ಲೋಪವಲ್ಲ. ಸ್ವತಂತ್ರ ಭಾರತದ ಜ್ಞಾನವ್ಯವಸ್ಥೆಯ ರಚನೆಯೇ ಹಾಗಿದೆ. 1976ರ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವನ್ನಾಗಿ ಸಂವಿಧಾನದಲ್ಲಿ ಸೇರಿಸಿತು. ಕರ್ತವ್ಯವನ್ನು ವಿಧಿಸಿದ್ದಾಯಿತು, ಅದನ್ನು ನೆರವೇರಿಸಲು ಬೇಕಾದ ತಿಳಿವಳಿಕೆಯನ್ನು ನಾಗರಿಕನ ಭಾಷೆಯಲ್ಲಿ ಒದಗಿಸುವ ಹೊಣೆ ಯಾರದು ಎಂಬುದು ಎಲ್ಲಿಯೂ ಸ್ಪಷ್ಟವಾಗಲಿಲ್ಲ.

ಕೇಂದ್ರ ಸರ್ಕಾರದ ನೌಕರನಾಗಿ ಒಂದು ಸಂಗತಿಯನ್ನು ಹತ್ತಿರದಿಂದ ನೋಡಿದ್ದೇನೆ. 1963ರ ರಾಜಭಾಷಾ ಅಧಿನಿಯಮ ಮತ್ತು 1976ರ ನಿಯಮಗಳ ಪ್ರಕಾರ ಕೇಂದ್ರದ ಕಚೇರಿಗಳಲ್ಲಿ ಹಿಂದಿಯ ಬಳಕೆಯನ್ನು ಹೆಚ್ಚಿಸುವುದು ಆಡಳಿತದ ಹೊಣೆ. ಪ್ರತಿವರ್ಷ ಸೆಪ್ಟೆಂಬರ್ 14ರ ಹಿಂದಿ ದಿನವನ್ನು, ಅದರ ಸುತ್ತಿನ ಪಕ್ಷಾಚರಣೆಯನ್ನು ಕೇಂದ್ರದ ಸಂಶೋಧನಾ ಸಂಸ್ಥೆಗಳೂ ಆಚರಿಸುತ್ತವೆ. ವೈಜ್ಞಾನಿಕ ವಿಷಯಗಳ ಮೇಲೆ ಹಿಂದಿಯಲ್ಲಿ ಭಾಷಣಗಳು ನಡೆಯುತ್ತವೆ. ಅದನ್ನು ಕಂಡು ಅಸೂಯೆಪಡಬೇಕಾಗಿಲ್ಲ. ಒಂದು ಭಾರತೀಯ ಭಾಷೆಯಲ್ಲಿ ವಿಜ್ಞಾನ ಮಾತನಾಡಲು ಸಾಧ್ಯ ಎಂಬುದನ್ನು ಅದು ತೋರಿಸುತ್ತದಲ್ಲ! ಆದರೆ ಕನ್ನಡಕ್ಕಾಗಿ ದೆಹಲಿಯಿಂದ ಅಂಥ ಸುತ್ತೋಲೆ ಬರುವುದಿಲ್ಲ. ಮುಂಬಯಿಯಲ್ಲಾಗಲಿ, ಹೈದರಾಬಾದಿನಲ್ಲಾಗಲಿ ಕನ್ನಡದಲ್ಲಿ ವಿಜ್ಞಾನದ ಮಾತು ಕೇಳಿಬರಬೇಕಾದರೆ ಅದಕ್ಕೆ ಆದೇಶ ಹೊರಡಿಸಬೇಕಾದವರು ನಾವೇ.

ನೆರೆಯ ಮರಾಠಿಗರನ್ನು ನೋಡಿ. ಮರಾಠಿ ವಿಜ್ಞಾನ ಪರಿಷತ್ತು 1966ರಲ್ಲಿ ಇದೇ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಟಿ.ಐ.ಎಫ್.ಆರ್.ನಲ್ಲಿ ಪ್ರಾಧ್ಯಾಪಕರಾಗಿದ್ದು, ಬಳಿಕ ಪುಣೆಯಲ್ಲಿ ಖಗೋಳವಿಜ್ಞಾನದ ಅಂತರ್ವಿಶ್ವವಿದ್ಯಾಲಯ ಕೇಂದ್ರವನ್ನು ಕಟ್ಟಿದ ಜಯಂತ ನಾರಳೀಕರ್ ಮರಾಠಿಯಲ್ಲಿ ವಿಜ್ಞಾನ ಕಥೆಗಳನ್ನು ಬರೆದರು. ಅವರ ಕೇಂದ್ರದಲ್ಲಿ ತಿಂಗಳ ಎರಡನೆಯ ಶನಿವಾರ ಶಾಲಾ ಮಕ್ಕಳಿಗಾಗಿ ಮರಾಠಿಯಲ್ಲೂ ಉಪನ್ಯಾಸ ಏರ್ಪಡಿಸುವ ಪದ್ಧತಿ ಬೆಳೆಯಿತು. 2021ರಲ್ಲಿ ನಾಸಿಕದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಈ ಖಗೋಳವಿಜ್ಞಾನಿಯೇ ಅಧ್ಯಕ್ಷರು. 2025ರಲ್ಲಿ ಅವರು ತೀರಿಕೊಂಡಾಗ ಮರಾಠಿಗರು ವಿಜ್ಞಾನಿಯನ್ನೂ ಸಾಹಿತಿಯನ್ನೂ ಒಟ್ಟಿಗೆ ಕಳೆದುಕೊಂಡರು.

ಕನ್ನಡಕ್ಕೆ ಈ ಪರಂಪರೆ ಇರಲಿಲ್ಲವೆ? ಇತ್ತು, ಮತ್ತು ಬಲು ಹಿಂದಿನಿಂದಲೇ ಇತ್ತು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ಅವರ ಸಂಗಡಿಗರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ಮಾಡಿದರು. ಆ ಉಪನ್ಯಾಸಗಳು ಅಗ್ಗದ ಬೆಲೆಯ ಪುಸ್ತಿಕೆಗಳಾಗಿ ಮನೆಮನೆಗೆ ಬಂದವು. ಶಿವರಾಮ ಕಾರಂತರು ಒಬ್ಬರೇ ಕುಳಿತು 'ಬಾಲ ಪ್ರಪಂಚ'ವನ್ನೂ 'ವಿಜ್ಞಾನ ಪ್ರಪಂಚ'ವನ್ನೂ ರಚಿಸಿದರು. ಆರ್.ಎಲ್. ನರಸಿಂಹಯ್ಯನವರ 'ಜಗತ್ತುಗಳ ಹುಟ್ಟು ಸಾವು' ಖಗೋಳವಿಜ್ಞಾನವನ್ನು ಕನ್ನಡದ ಓದುಗನ ಜಗಲಿಗೆ ತಂದಿತು. ಜೆ.ಆರ್. ಲಕ್ಷ್ಮಣರಾಯರು, ಜಿ.ಟಿ. ನಾರಾಯಣರಾಯರು ಇದನ್ನೇ ಆಯುಷ್ಯದ ಕೆಲಸ ಮಾಡಿಕೊಂಡರು. ನಾರಾಯಣರಾಯರಂತೂ ನಕ್ಷತ್ರಗಳ ಬಗ್ಗೆ ಬರೆದ ಲೇಖನಿಯಿಂದಲೇ ಸಂಗೀತ ವಿಮರ್ಶೆಯನ್ನೂ ಬರೆದರು. ಪರಮಾಣು ಭೌತವಿಜ್ಞಾನದಲ್ಲಿ ಅಮೆರಿಕದಿಂದ ಡಾಕ್ಟರೇಟ್ ಪಡೆದು ಬಂದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಸೈನ್ಸ್ ಫೋರಂ ಆರಂಭಿಸಿ ವಾರವಾರವೂ ಉಪನ್ಯಾಸ ನಡೆಯುವಂತೆ ಮಾಡಿದರು. ಅದೇ ಕಾಲೇಜಿನ ಆವರಣದಲ್ಲಿ ಸಂಗೀತ ಕಚೇರಿಗಳಿಗೂ ಅವರು ನೆಲೆ ಒದಗಿಸಿದರು. ಕೊಲಾಬಾದ ಸಮುದ್ರ ತೀರದಲ್ಲಿ ಭಾಭಾ ಮಾಡಿದ ಕೆಲಸವನ್ನು, ಖಾದಿ ಜುಬ್ಬದ ಬಡ ಬ್ರಹ್ಮಚಾರಿಯೊಬ್ಬರು ಬಸವನಗುಡಿಯಲ್ಲಿ ಜನಸಾಮಾನ್ಯರಿಗಾಗಿ ಮಾಡಿ ತೋರಿಸಿದರು.

ಈ ಪರಂಪರೆ ಹೊರನಾಡಿಗೆ ಬರುವಾಗ ಎಲ್ಲಿ ಕಡಿಯಿತು? ನನಗೆ ಕಾಣುವ ಕಾರಣ ಇದು. ಊರು ಬಿಟ್ಟು ಬಂದ ನಾವು ಬದುಕನ್ನು ಎರಡು ಪಾಲು ಮಾಡಿಕೊಂಡೆವು. ಹಬ್ಬಕ್ಕೆ, ಹಾಡಿಗೆ, ಕತೆಗೆ ಕನ್ನಡ. ಕಸುಬಿಗೆ, ಜ್ಞಾನಕ್ಕೆ, ಮಕ್ಕಳ ಭವಿಷ್ಯಕ್ಕೆ ಇಂಗ್ಲಿಷ್. ಮುಂಬಯಿ ಕನ್ನಡ ಸಾಹಿತ್ಯವನ್ನೇ ನೋಡಿ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು. 'ಶಿಕಾರಿ'ಯ ಹಿಂದೆ ಕಾರ್ಖಾನೆಯ, ಕಂಪೆನಿಯ ಆಳವಾದ ಅನುಭವವಿದೆ. ಜಯಂತ ಕಾಯ್ಕಿಣಿಯವರು ಜೀವರಸಾಯನವಿಜ್ಞಾನ ಓದಿ ಇಲ್ಲಿನ ಔಷಧ ಕಂಪೆನಿಯಲ್ಲಿ ದುಡಿದವರು. ಇಬ್ಬರೂ ಕನ್ನಡ ಕಥನಕ್ಕೆ ಅಮೂಲ್ಯವಾದುದನ್ನು ಕೊಟ್ಟರು. ಅವರಿಂದ ವಿಜ್ಞಾನದ ಬರವಣಿಗೆಯನ್ನೂ ಕೇಳುವುದು ಅತಿಯಾಸೆಯಾದೀತು. ನನ್ನ ಆಕ್ಷೇಪಣೆ ಇರುವುದು ನಮ್ಮ ಬಗ್ಗೆ, ಅಂದರೆ ಅವರ ಕಥೆಗಳಿಗೆ ಗೋಷ್ಠಿ ಏರ್ಪಡಿಸಿದ ಸಂಘಗಳ ಬಗ್ಗೆ. ಅಣುಶಕ್ತಿ ನಗರದಲ್ಲಿ, ಕೊಲಾಬಾದಲ್ಲಿ, ಪೊವಾಯಿಯಲ್ಲಿ ದುಡಿಯುತ್ತಿರುವ ಕನ್ನಡಿಗ ವಿಜ್ಞಾನಿಯನ್ನು ನಾವು ಕರೆದಿದ್ದೇವೆ. ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸಿದ್ದೇವೆ. ನೀವು ಏನು ಕೆಲಸ ಮಾಡುತ್ತೀರಿ, ಅದನ್ನು ನಮಗೆ ಕನ್ನಡದಲ್ಲಿ ಹೇಳಿ ಎಂದು ಕೇಳಿದ್ದು ಬಲು ಅಪರೂಪ. ಮಾಹಿಮಿನ ಕರ್ನಾಟಕ ಸಂಘದ ಸಭಾಭವನ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿದೆ. ಇಂಜಿನಿಯರ್ ಒಬ್ಬರ ಹೆಸರಿನಲ್ಲಿ ಭವನ ಕಟ್ಟಿದ ಸಮಾಜ ನಮ್ಮದು ಎಂಬುದನ್ನಾದರೂ ನೆನೆಯಬೇಡವೆ?

ಈ ಪಾಲುಗಾರಿಕೆಯನ್ನು ಒಪ್ಪದ ಹೊರನಾಡ ಕನ್ನಡಿಗರೂ ಇದ್ದರು. ಬಿ.ಜಿ.ಎಲ್. ಸ್ವಾಮಿಯವರು ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರು. ಪ್ರಪಂಚದ ಸಸ್ಯವಿಜ್ಞಾನಿಗಳು ಗುರುತಿಸಿದ ಸಂಶೋಧಕರು. ಪಾಠ ಇಂಗ್ಲಿಷಿನಲ್ಲಿ, ಸುತ್ತಲಿನ ಮಾತು ತಮಿಳಿನಲ್ಲಿ. ಆದರೂ ಗಿಡಮರಗಳ ಬಗ್ಗೆ ಕನ್ನಡದಲ್ಲಿ ಬರೆದರು. ಅವುಗಳ ಚಿತ್ರಗಳನ್ನೂ ತಾವೇ ಬಿಡಿಸಿದರು. 'ಹಸುರು ಹೊನ್ನು' ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ವಿಜ್ಞಾನ, ವಿನೋದ, ಚಿತ್ರಕಲೆ ಮೂರೂ ಒಂದೇ ಪುಸ್ತಕದಲ್ಲಿ ಸೇರಿದ ಆ ಗ್ರಂಥ ಕನ್ನಡನಾಡಿನ ಹೊರಗೆ ನೆಲೆಸಿದ್ದವರ ಕೈಯಿಂದ ಬಂದದ್ದೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು, ಹೇಳಿಕೊಂಡು ಸುಮ್ಮನಾಗಬಾರದು.

"ಹಳೆಯ ವಿಷಯಗಳನ್ನು ಹೇಳಬಹುದು, ಇಂದಿನ ವಿಜ್ಞಾನ ಕನ್ನಡಕ್ಕೆ ಒಗ್ಗುವುದಿಲ್ಲ, ಪದಗಳೇ ಇಲ್ಲ" ಎಂಬ ವಾದವನ್ನು ನೀವೆಲ್ಲ ಕೇಳಿರುತ್ತೀರಿ. ವಾದಕ್ಕೆ ವಾದ ಹೂಡುವ ಬದಲು ಒಂದು ಉದಾಹರಣೆಯನ್ನೇ ಮುಂದಿಡುತ್ತೇನೆ. ಅದು ಟಿ.ಐ.ಎಫ್.ಆರ್.ನ ಚರಿತ್ರೆಗೆ ಸೇರಿದ್ದು. ನಡೆದದ್ದು ಮಾತ್ರ ಕೋಲಾರದ ಚಿನ್ನದ ಗಣಿಯ ಆಳದಲ್ಲಿ.

ಬಾಹ್ಯಾಕಾಶದಿಂದ ಕಣಗಳ ಮಳೆ ಹಗಲಿರುಳೂ ಭೂಮಿಯ ಮೇಲೆ ಸುರಿಯುತ್ತಿದೆ. ಇವೇ ವಿಶ್ವಕಿರಣಗಳು. ಅವು ವಾಯುಮಂಡಲಕ್ಕೆ ಬಡಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟಿ ಕೆಳಗಿಳಿಯುತ್ತವೆ. ನೀವು ಅಂಗೈ ಚಾಚಿದರೆ ಸುಮಾರು ಕ್ಷಣಕ್ಕೊಂದರಂತೆ ಅವು ಅದನ್ನು ತೂರಿಕೊಂಡು ಹೋಗುತ್ತಿರುತ್ತವೆ. ನೆಲದೊಳಗೆ ಇಳಿದಂತೆ ಬಂಡೆ ಅವುಗಳನ್ನು ತಡೆಯುತ್ತದೆ. ಅವುಗಳ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಎಷ್ಟು ಆಳದಲ್ಲಿ ಎಷ್ಟು ಇಳಿಯುತ್ತದೆ ಎಂದು ಅಳೆಯಲು ಭಾಭಾ ಅವರ ಪ್ರೇರಣೆಯಿಂದ 1950ರ ದಶಕದ ಆರಂಭದಲ್ಲಿ ಕೋಲಾರದ ಗಣಿಗೆ ಇಳಿದವರು ಮೈಸೂರು ಸೀಮೆಯ ಯುವಕ ಬಿ.ವಿ. ಶ್ರೀಕಂಠನ್. ಮುಂದೆ 1975ರಿಂದ 1987ರವರೆಗೆ ಟಿ.ಐ.ಎಫ್.ಆರ್.ನ ನಿರ್ದೇಶಕರಾದವರೂ ಅವರೇ. ದಶಕದ ಬಳಿಕ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾರಗಟ್ಟಲೆ ಕಾದರೂ ಮಾಪಕದಲ್ಲಿ ಒಂದು ಮ್ಯುಯಾನೂ ದಾಖಲಾಗದಂಥ ನೆಲೆ ಅವರಿಗೆ ಸಿಕ್ಕಿತು. ಏನೂ ಸಿಗದಿರುವುದೇ ಅವರಿಗೆ ಒದಗಿದ ಭಾಗ್ಯ. ಏಕೆಂದರೆ ಸದ್ದಡಗಿದ ಮನೆಯಲ್ಲಿ ಮಾತ್ರ ಪಿಸುಮಾತು ಕೇಳುತ್ತದೆ.

ಅವರು ಕಿವಿಗೊಟ್ಟದ್ದು ನ್ಯೂಟ್ರಿನೊ ಎಂಬ ಕಣಕ್ಕೆ. ಅದೂ ವಿಶ್ವಕಿರಣಗಳಿಂದ ವಾಯುಮಂಡಲದಲ್ಲಿ ಹುಟ್ಟುತ್ತದೆ. ಇಡೀ ಭೂಗೋಳವನ್ನು ಜರಡಿಯ ಮೂಲಕ ನೀರು ಹಾಯುವಂತೆ ಹಾಯ್ದುಹೋಗುತ್ತದೆ. ಎಲ್ಲೋ ಒಂದು ಅಪರೂಪಕ್ಕೆ ಬಂಡೆಯೊಳಗಿನ ಪರಮಾಣುವಿಗೆ ತಾಗಿ ಮ್ಯುಯಾನನ್ನು ಹುಟ್ಟಿಸುತ್ತದೆ. ಮೇಲಿನ ಆಕಾಶದಿಂದ ಬಂದ ಮ್ಯುಯಾನ್ ನೇರವಾಗಿ ಮೇಲಿನಿಂದಲೇ ಬರಬೇಕು. ಪಕ್ಕದಿಂದ, ಅಡ್ಡಲಾಗಿ ಬಂದರೆ ಅಷ್ಟು ದೂರದ ಬಂಡೆಯನ್ನು ಅದು ದಾಟಿರಲಾರದು. ಹತ್ತಿರದಲ್ಲೇ ನ್ಯೂಟ್ರಿನೊದಿಂದ ಹುಟ್ಟಿರಬೇಕು. 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಇಂಥ ಅಡ್ಡಹಾದಿಯ ಕಣಗಳನ್ನು ಗುರುತಿಸಿದರು. ವಾಯುಮಂಡಲದ ನ್ಯೂಟ್ರಿನೊ ಮನುಷ್ಯನ ಉಪಕರಣಕ್ಕೆ ಸಿಕ್ಕಿದ್ದು ಅದೇ ಮೊದಲು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡ ಅದೇ ಕಾಲಕ್ಕೆ ಇದೇ ಫಲವನ್ನು ಪಡೆಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಅಲ್ಲಿ ದೊರೆತ ಚಿನ್ನದ ಕಥೆ ನಮಗೆ ಗೊತ್ತು. ಈ ಇನ್ನೊಂದು ಚಿನ್ನದ ಕಥೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಗೊತ್ತು?

ಇಷ್ಟನ್ನು ಹೇಳಲು ನಾನು ಮ್ಯುಯಾನ್, ನ್ಯೂಟ್ರಿನೊ ಎಂಬ ಎರಡು ಪದಗಳನ್ನು ಹೊರಗಿನಿಂದ ತಂದೆ. ಅವು ಇಂಗ್ಲಿಷಿನವೂ ಅಲ್ಲ. ಇಂಗ್ಲಿಷಿಗೂ ಅವು ನೆಂಟರೇ. ಉಳಿದದ್ದನ್ನು ಬಂಡೆ, ಜರಡಿ, ಅಂಗೈ, ಪಿಸುಮಾತು ಎಂಬ ಮನೆಮಾತುಗಳೇ ಹೊತ್ತುಕೊಂಡವು. ಪಾರಿಭಾಷಿಕ ಪದಗಳ ಕೊರತೆಯನ್ನು ನಾವು ದೊಡ್ಡದು ಮಾಡಿದ್ದೇವೆ. ಹೇಳಬೇಕೆಂಬ ಇಚ್ಛೆಯ ಕೊರತೆಯನ್ನು ಅದರ ಹಿಂದೆ ಬಚ್ಚಿಟ್ಟಿದ್ದೇವೆ.

ಬಂಧುಗಳೆ, ಇದರಲ್ಲಿ ಪಣಕ್ಕಿಟ್ಟಿರುವುದು ವಿಜ್ಞಾನವಲ್ಲ. ವಿಜ್ಞಾನ ನಮ್ಮ ನೆರವಿಲ್ಲದೆಯೂ ಮುಂದುವರಿಯುತ್ತದೆ. ಪಣಕ್ಕಿಟ್ಟಿರುವುದು ನಮ್ಮ ಮನೆಗಳ ಕನ್ನಡ. ಈ ಸಭೆಯಲ್ಲಿರುವ ಬಹುತೇಕರ ಮೊಮ್ಮಕ್ಕಳು ಅಜ್ಜಿಯೊಡನೆ ಕನ್ನಡ ಆಡಬಲ್ಲರು, ಓದಲಾರರು. ರಾಜ್ಯೋತ್ಸವದ ದಿನ ಅವರನ್ನು ವೇದಿಕೆಗೆ ಹತ್ತಿಸಿ, ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಟ್ಟ ಹಾಡನ್ನು ಹಾಡಿಸುತ್ತೇವೆ. ಮಗು ಬುದ್ಧಿಶಾಲಿ, ಅದು ಬೇಗ ಅರ್ಥಮಾಡಿಕೊಳ್ಳುತ್ತದೆ. ಕನ್ನಡವೆಂದರೆ ವರ್ಷಕ್ಕೊಮ್ಮೆ ಉಡುವ ರೇಷ್ಮೆ ಲಂಗ. ಪ್ರಶ್ನೆ ಕೇಳುವ, ಉತ್ತರ ಹುಡುಕುವ ಭಾಷೆ ಬೇರೆ. ಹಾಗೆ ತಿಳಿದ ಮೇಲೆ ಅದು ಕನ್ನಡವನ್ನು ಬಿಡುವುದು ತಪ್ಪೇ? ಆಲೋಚನೆಗೆ ಬಾರದ ಭಾಷೆಯನ್ನು ಪ್ರೀತಿಯೊಂದರಿಂದಲೇ ಮೂರನೆಯ ತಲೆಮಾರಿಗೆ ದಾಟಿಸಲಾಗುವುದಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇನೆ. ವರ್ಷಕ್ಕೆ ನಾಲ್ಕು ಸಂಜೆ, ತ್ರೈಮಾಸಿಕದ ಸಂಚಿಕೆಗೊಂದರಂತೆ. ಮುಂಬಯಿ, ಪುಣೆಗಳ ಸಂಶೋಧನಾ ಸಂಸ್ಥೆಗಳಲ್ಲಿರುವ ಕನ್ನಡಿಗರೊಬ್ಬರು ತಾವು ಮಾಡುವ ಕೆಲಸವನ್ನು ನಲವತ್ತು ನಿಮಿಷ ಕನ್ನಡದಲ್ಲಿ ವಿವರಿಸಲಿ. ಕನ್ನಡ ತಡವರಿಸಿದರೆ ತಡವರಿಸಲಿ, ಯಾರೂ ನಗುವುದು ಬೇಡ. ಅನಂತರ ಅರ್ಧ ಗಂಟೆ ಪ್ರಶ್ನೆಗಳು. ಮೊದಲ ಐದು ಪ್ರಶ್ನೆಗಳು ಮಕ್ಕಳಿಗೇ ಮೀಸಲು, ಅವರು ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಕನ್ನಡದಲ್ಲಿ. ಅದೇ ಸಂಜೆ ಅದೇ ವೇದಿಕೆಯಲ್ಲಿ ಒಂದು ಕಲಾಕಾರ್ಯಕ್ರಮ. ಮೃದಂಗದ ಭೌತವಿಜ್ಞಾನ ಕೇಳಿದ ಮೇಲೆ ಮೃದಂಗವನ್ನೇ ಕೇಳೋಣ. ಬಣ್ಣಗಳ ಬಗ್ಗೆ ಕೇಳಿದ ದಿನ ಯಕ್ಷಗಾನದ ವೇಷಧಾರಿಯೊಬ್ಬರು ಎಲ್ಲರೆದುರು ಬಣ್ಣ ಬರೆದುಕೊಳ್ಳಲಿ. ಉಪನ್ಯಾಸದ ಪಾಠ ಮುಂದಿನ ಸಂಚಿಕೆಯಲ್ಲಿ ಅಚ್ಚಾಗಲಿ. ವೆಚ್ಚದ ಲೆಕ್ಕವನ್ನೂ ಹಾಕಿ ನೋಡಿದ್ದೇನೆ, ಅದು ನನ್ನ ವೃತ್ತಿಯ ಚಟ: ಸಭಾಂಗಣ ನಮ್ಮದೇ, ಕಾಫಿ ಉಪ್ಪಿಟ್ಟು ಹೇಗೂ ಇದ್ದದ್ದೇ. ಒಂದು ಸನ್ಮಾನದ ಶಾಲು, ಹಾರ, ಫಲಕಗಳ ಖರ್ಚು ಉಳಿಸಿದರೆ ಒಂದು ಸಂಜೆಗೆ ಸಾಕಾಗುತ್ತದೆ.

ಜನ ಬರುತ್ತಾರೆಯೇ ಎಂಬ ಅಳುಕು ನಿಮಗಿರಬಹುದು. ಮೊದಲ ಸಂಜೆ ಇಪ್ಪತ್ತು ಮಂದಿ ಬಂದರೆ ಅದು ಸೋಲಲ್ಲ. ಊರೂರು ತಿರುಗಿ ಉಪನ್ಯಾಸ ಮಾಡಿದ ಮೈಸೂರಿನ ಅಧ್ಯಾಪಕರಿಗೆ ಪ್ರತಿ ಊರಿನಲ್ಲೂ ಜಾತ್ರೆ ಸೇರುತ್ತಿತ್ತೆಂದು ನಾವು ಭಾವಿಸಬೇಕಾಗಿಲ್ಲ. ಅವರು ಹೋದರು, ಹೇಳಿದರು, ಅಚ್ಚು ಹಾಕಿಸಿದರು. ಅದರ ಫಲವಾಗಿ ಕನ್ನಡದಲ್ಲಿ ವಿಜ್ಞಾನವನ್ನು ಓದಬಲ್ಲ ತಲೆಮಾರೊಂದು ಬೆಳೆಯಿತು. ನಮ್ಮಲ್ಲಿ ಕೆಲವರು ಆ ತಲೆಮಾರಿನ ಮಕ್ಕಳು.

ಫೆಬ್ರುವರಿ 28, ರಾಮನ್ ಪರಿಣಾಮದ ಶೋಧದ ನೆನಪಿಗಾಗಿ 1987ರಿಂದ ರಾಷ್ಟ್ರೀಯ ವಿಜ್ಞಾನ ದಿನ. ಮೊದಲ ಸಂಜೆಯನ್ನು ಆ ವಾರದಲ್ಲೇ ಇಟ್ಟುಕೊಳ್ಳಬಹುದು. ಉಪನ್ಯಾಸಕರನ್ನು ಹುಡುಕಿ ಒಪ್ಪಿಸುವ ಕೆಲಸವನ್ನು ಸಮಿತಿ ನನಗೆ ವಹಿಸಿದರೆ ಸಂತೋಷದಿಂದ ಮಾಡುತ್ತೇನೆ. ಉಳಿದದ್ದು ನಿಮ್ಮ ತೀರ್ಮಾನ.